ಮೊದಲು ಗುರುತು, ಅನಂತರ ಔಷಧ: ಊರ ತೋಟದ ಮಾತುಕತೆಗೆ ಕೆಲವು ಸೂಚನೆಗಳು

ಗಿಡಮೂಲಿಕೆಗಳ ವಿಷಯವಾಗಿ ಊರಿನಲ್ಲಿ ಹತ್ತು ಜನ ಕೂಡಿದರೆ ಮೊದಲು ಕೇಳಿಬರುವ ಪ್ರಶ್ನೆ “ಯಾವ ರೋಗಕ್ಕೆ ಯಾವ ಗಿಡ?” ಎಂಬುದು. ಪ್ರಶ್ನೆ ಸಹಜವಾದುದೇ. ಆದರೆ ಅದಕ್ಕಿಂತ ಮುಂಚೆ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: “ಈ ಗಿಡ ಯಾವುದು?” ಇದಕ್ಕೆ ಸರಿಯಾದ ಉತ್ತರ ದೊರೆಯದಿದ್ದರೆ ಮುಂದಿನ ತಿಳಿವಳಿಕೆಯೆಲ್ಲ ವ್ಯರ್ಥವಾಗುತ್ತದೆ, ಒಮ್ಮೊಮ್ಮೆ ಪ್ರಾಣಾಪಾಯಕ್ಕೂ ಕಾರಣವಾಗುತ್ತದೆ. ಶಾಲೆಯ ಹಿತ್ತಲು, ಗುಡಿಯ ಪ್ರಾಂಗಣ, ಮಠದ ಆವರಣ, ಮನೆಯ ಮಾಳಿಗೆ ಹೀಗೆ ಎಲ್ಲೆಡೆ ಗಿಡ ನೆಡುವ ಉತ್ಸಾಹ ಈಗ ಕಂಡುಬರುತ್ತಿದೆ. ಆ ಉತ್ಸಾಹದ ಜೊತೆಗೆ ತಿಂಗಳಿಗೊಮ್ಮೆ ಕುಳಿತು ಗಿಡಗಳ ಬಗೆಗೆ, ಗಿಡಗಳನ್ನು ಆಶ್ರಯಿಸಿದ ಜೀವಿಗಳ ಬಗೆಗೆ, ತೋಟದ ವಿನ್ಯಾಸದ ಬಗೆಗೆ ಮಾತನಾಡುವ ಪರಿಪಾಠವೂ ಬೆಳೆದರೆ ಅದು ದೊಡ್ಡ ಆರೋಗ್ಯಸೇವೆಯೇ ಆಗುತ್ತದೆ. ಅಂತಹ ಮಾತುಕತೆಗಳಲ್ಲಿ ಏನನ್ನು ಹೇಳಬೇಕು, ಯಾವ ಕ್ರಮದಲ್ಲಿ ಹೇಳಬೇಕು ಎಂಬುದನ್ನು ವೈದ್ಯದೃಷ್ಟಿಯಿಂದ ಸದ್ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ.

ಕೂಡಿ ಕಲಿಯುವ ಪರಂಪರೆ

ತೋಟದ ವಿಷಯವಾಗಿ ಜನ ಸಂಘಟಿತರಾಗಿ ಕಲಿಯುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ಬೆಂಗಳೂರಿನ ಲಾಲ್‌ಬಾಗ್ ಕೇಂದ್ರವಾಗಿ ಮೈಸೂರು ಉದ್ಯಾನ ಕಲಾ ಸಂಘವು 1912ರಲ್ಲಿ ಆರಂಭವಾಯಿತು. ಜರ್ಮನಿಯಿಂದ ಬಂದು ಮೈಸೂರು ಸಂಸ್ಥಾನದ ಉದ್ಯಾನಗಳನ್ನು ರೂಪಿಸಿದ ಕ್ರುಂಬಿಗಲ್ ಅವರ ಕಾಲವದು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಸಂದರ್ಭಗಳಲ್ಲಿ ಇಂದಿಗೂ ನಡೆಯುವ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿ ತೋಟಗಾರಿಕೆ ಇಲಾಖೆಯೊಡನೆ ಈ ಸಂಘವೂ ಕೈಜೋಡಿಸುತ್ತದೆ. ನಮ್ಮ ಉತ್ತರ ಕರ್ನಾಟಕದಲ್ಲಿ 2008ರಲ್ಲಿ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಮೊದಲು ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿರುವ ಅರಭಾವಿಯಲ್ಲಿನ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯವು ಆ ವಿಶ್ವವಿದ್ಯಾಲಯದ ಅಂಗವಾಗಿದೆ. ಗಿಡದ ಜ್ಞಾನಕ್ಕಾಗಿ ದೂರ ಹೋಗಬೇಕಾದ ಕಾಲ ಮುಗಿದಿದೆ. ಆ ಜ್ಞಾನವನ್ನು ಊರಿನ ಕಟ್ಟೆಗೆ ಕರೆತರುವ ಕೆಲಸವಷ್ಟೇ ಉಳಿದಿದೆ.

ಹುಕ್ಕೇರಿ ತಾಲೂಕಿನ ಕಣಗಲಾ ಗ್ರಾಮವನ್ನೇ ನಾವು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸಂಕೇಶ್ವರದಿಂದ ನಿಪ್ಪಾಣಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ, ಮಹಾರಾಷ್ಟ್ರದ ಗಡಿಗೆ ಹತ್ತಿರವಾಗಿರುವ ಊರು ಇದು. ಪಶ್ಚಿಮಕ್ಕೆ ಸಹ್ಯಾದ್ರಿಯ ಮಳೆ, ಪೂರ್ವಕ್ಕೆ ಗೋಕಾಕದತ್ತ ಸರಿದಂತೆ ಬಯಲುಸೀಮೆಯ ಒಣಹವೆ. ಆಂಬೋಲಿಯ ಬಳಿ ಹುಟ್ಟಿ ಸಂಕೇಶ್ವರವನ್ನು ಹಾದು ಬರುವ ಹಿರಣ್ಯಕೇಶಿ ಮುಂದೆ ಘಟಪ್ರಭೆಯನ್ನು ಸೇರುತ್ತದೆ. ಹೀಗೆ ಎರಡು ಹವೆಗಳ ನಡುವಿನ ನೆಲವಾದುದರಿಂದ ಮಲೆನಾಡಿನ ಬಳ್ಳಿಗಳೂ ಬಯಲಿನ ಪೊದೆಗಳೂ ಇಲ್ಲಿ ಒಟ್ಟಿಗೆ ಬೆಳೆಯಬಲ್ಲವು. ಕನ್ನಡ ಮತ್ತು ಮರಾಠಿ ಎರಡೂ ಇಲ್ಲಿ ಬಳಕೆಯಲ್ಲಿರುವುದರಿಂದ ಒಂದೊಂದು ಗಿಡಕ್ಕೂ ಎರಡೆರಡು ಹೆಸರುಗಳಿವೆ. ಊರಿನ ಹೆಸರನ್ನು ಉಚ್ಚರಿಸಿದೊಡನೆ ಕಿವಿಗೆ ತೋರುವುದು ಒಂದು ಗಿಡದ ಹೆಸರು: ಕಣಗಿಲೆ. ಹೂವು ಚೆಲುವಾದುದು, ಶಿವಪೂಜೆಗೆ ಸಲ್ಲುವಂಥದು. ಗಿಡವೋ ಬೇರಿನಿಂದ ಬೀಜದವರೆಗೆ ವಿಷಮಯ. ತೋಟದ ಮಾತುಕತೆಯ ಮೊದಲ ಪಾಠಕ್ಕೆ ಇದಕ್ಕಿಂತ ತಕ್ಕ ಗಿಡ ಇನ್ನೊಂದಿಲ್ಲ.

ಚರಕಸಂಹಿತೆಯು ಸೂತ್ರಸ್ಥಾನದ ಮೊದಲ ಅಧ್ಯಾಯದಲ್ಲಿಯೇ ಔಷಧಜ್ಞಾನದ ಮೂರು ಮೆಟ್ಟಿಲುಗಳನ್ನು ಸೂಚಿಸುತ್ತದೆ: ನಾಮ, ರೂಪ ಮತ್ತು ಯೋಗ. ಆಡು ಕಾಯುವವರು, ಕುರಿ ಕಾಯುವವರು, ವನವಾಸಿಗಳು ಗಿಡಗಳ ಹೆಸರನ್ನೂ ರೂಪವನ್ನೂ ಬಲ್ಲರು; ಅವುಗಳನ್ನು ಯಾರಿಗೆ, ಯಾವಾಗ, ಎಷ್ಟು ಕೊಡಬೇಕೆಂಬ ಯೋಗಜ್ಞಾನ ಬೇರೆಯೇ ಆದ ಸಾಧನೆ ಎಂಬುದು ಅಲ್ಲಿನ ತಾತ್ಪರ್ಯ. ಊರ ತೋಟದ ಮಾತುಕತೆಯೂ ಈ ಮೂರು ಮೆಟ್ಟಿಲುಗಳನ್ನು ಕ್ರಮವಾಗಿ ಏರುವುದು ಒಳ್ಳೆಯದು.

ನಾಮ: ಒಂದೇ ಹೆಸರು, ಬೇರೆ ಬೇರೆ ಗಿಡ

ಕೇರಳದ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು 2024ರ ಮೇ ತಿಂಗಳಲ್ಲಿ ತಮ್ಮ ದೇವಾಲಯಗಳ ನೈವೇದ್ಯ ಹಾಗೂ ಪ್ರಸಾದಗಳಲ್ಲಿ “ಅರಳಿ” ಹೂವಿನ ಬಳಕೆಯನ್ನು ನಿಲ್ಲಿಸಿದವು. ಈ ಸುದ್ದಿಯನ್ನು ಕನ್ನಡದಲ್ಲಿ ಕೇಳಿದವರಿಗೆ ಆಶ್ಚರ್ಯವಾದೀತು. ನಮಗೆ ಅರಳಿ ಎಂದರೆ ಅಶ್ವತ್ಥವೃಕ್ಷ. ಮಲಯಾಳದಲ್ಲಿ ಅರಳಿ ಎಂದರೆ ನಮ್ಮ ಕಣಗಿಲೆ. ಅದೇ ಕಣಗಿಲೆಗೆ ಮರಾಠಿಯಲ್ಲಿ ಕಣ್ಹೇರ ಎನ್ನುತ್ತಾರೆ. ಒಂದು ಭಾಷೆಯ ಪುಸ್ತಕವನ್ನೋ ಮೊಬೈಲಿನಲ್ಲಿ ಬಂದ ಸಂದೇಶವನ್ನೋ ನೋಡಿ ಇನ್ನೊಂದು ಭಾಷೆಯ ಸೀಮೆಯಲ್ಲಿ ಔಷಧ ಮಾಡಿಕೊಳ್ಳಲು ಹೊರಟರೆ ಏನಾಗಬಹುದೆಂಬುದಕ್ಕೆ ಇದೊಂದೇ ನಿದರ್ಶನ ಸಾಕು.

ನಮ್ಮ ಭಾಷೆಯೊಳಗೇ ಇಂತಹ ಗೊಂದಲಗಳುಂಟು. ಬ್ರಾಹ್ಮಿ ಎಂಬ ಹೆಸರಿನಿಂದ ಕೆಲವೆಡೆ ಒಂದೆಲಗವನ್ನು ಕರೆಯುತ್ತಾರೆ, ಕೆಲವೆಡೆ ನೀರುಬ್ರಾಹ್ಮಿಯನ್ನು ಕರೆಯುತ್ತಾರೆ. ಒಂದೆಲಗದ ಎಲೆ ದುಂಡಗೆ, ಕಿವಿಯಂತೆ, ಉದ್ದನೆಯ ತೊಟ್ಟಿನ ಮೇಲೆ ನಿಲ್ಲುತ್ತದೆ. ನೀರುಬ್ರಾಹ್ಮಿಯ ಎಲೆ ಚಿಕ್ಕದು, ದಪ್ಪನೆಯದು, ಕಾಂಡಕ್ಕೆ ಅಂಟಿಕೊಂಡಂತೆ ಜೋಡಿಜೋಡಿಯಾಗಿ ಇರುತ್ತದೆ. ಇವೆರಡೂ ವಿಷಗಿಡಗಳಲ್ಲ, ಆದರೂ ಗುಣಗಳು ಒಂದೇ ಅಲ್ಲ. ಆದುದರಿಂದ ತೋಟದ ಪ್ರತಿಯೊಂದು ಗಿಡದ ಮುಂದೆ ನಿಲ್ಲಿಸುವ ಫಲಕದಲ್ಲಿ ನಾಲ್ಕು ಹೆಸರುಗಳಿರಲಿ: ಊರಿನವರು ಕರೆಯುವ ಹೆಸರು, ಮರಾಠಿ ಹೆಸರು, ಸಂಸ್ಕೃತದ ಹೆಸರು ಮತ್ತು ಸಸ್ಯಶಾಸ್ತ್ರದ ಹೆಸರು. ಕಣಗಿಲೆಯ ಫಲಕದಲ್ಲಿ ಕಣಗಿಲೆ, ಕಣ್ಹೇರ, ಕರವೀರ, ನೀರಿಯಂ ಒಲಿಯಾಂಡರ್ ಎಂದು ಬರೆದರೆ ಯಾವ ಸೀಮೆಯವರು ಬಂದರೂ ಮೋಸಹೋಗಲಾರರು. ಸಸ್ಯಶಾಸ್ತ್ರದ ಹೆಸರು ನಮಗೇಕೆ ಎಂದು ಕೆಲವರು ಕೇಳುವುದುಂಟು. ಊರು ಬದಲಾದರೂ ಭಾಷೆ ಬದಲಾದರೂ ಬದಲಾಗದ ಗುರುತು ಅದು ಎಂಬುದೇ ಅದರ ಪ್ರಯೋಜನ.

ಸಂಸ್ಕೃತದ ಹೆಸರುಗಳನ್ನು ಅರ್ಥಸಹಿತವಾಗಿ ಹೇಳಿಕೊಡುವುದೂ ಲಾಭಕರ. ಕರವೀರಕ್ಕೆ ಅಶ್ವಮಾರ, ಹಯಮಾರಕ ಎಂಬ ಪರ್ಯಾಯನಾಮಗಳಿವೆ. ಕುದುರೆಯನ್ನು ಕೊಲ್ಲುವಂಥದು ಎಂಬುದೇ ಅವುಗಳ ಅರ್ಥ. ಕುದುರೆಯಂತಹ ಬಲಿಷ್ಠ ಪ್ರಾಣಿಯನ್ನೇ ಕೆಡಹುವ ಗಿಡವೆಂಬ ಎಚ್ಚರಿಕೆಯನ್ನು ಪೂರ್ವಿಕರು ಹೆಸರಿನಲ್ಲಿಯೇ ಹುದುಗಿಸಿ ಇಟ್ಟಿದ್ದಾರೆ.

ರೂಪ: ಕಣ್ಣಿನ ಅಭ್ಯಾಸ

ಎರಡನೆಯ ಮೆಟ್ಟಿಲು ರೂಪ. ಇದಕ್ಕೆ ಅಮೃತಬಳ್ಳಿಯೇ ಉತ್ತಮ ಪಾಠ. ಕೊರೊನಾ ಕಾಲದಲ್ಲಿ ರೋಗನಿರೋಧಕ ಶಕ್ತಿಗಾಗಿ ಎಂದು ಮನೆಮನೆಗಳಲ್ಲಿ ಈ ಬಳ್ಳಿಯ ಕಷಾಯವನ್ನು ತಿಂಗಳುಗಟ್ಟಲೆ ಕುಡಿದರು. ಹೀಗೆ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಕೇಂದ್ರ ಆಯುಷ್ ಸಚಿವಾಲಯವು 2022ರಲ್ಲಿ ಸ್ಪಷ್ಟನೆ ನೀಡಿ, ನಿಜವಾದ ಗುಡೂಚಿಯನ್ನು ಅದರ ಸಂಬಂಧಿಯಾದ ಇನ್ನೊಂದು ಬಳ್ಳಿಯಿಂದ ಬೇರ್ಪಡಿಸಿ ಗುರುತಿಸಬೇಕೆಂದು ತಿಳಿಸಿತು. ನಿಜವಾದ ಅಮೃತಬಳ್ಳಿಯ ಶಾಸ್ತ್ರೀಯ ನಾಮ ಟಿನೋಸ್ಪೊರಾ ಕಾರ್ಡಿಫೋಲಿಯಾ. ಇನ್ನೊಂದರದು ಟಿನೋಸ್ಪೊರಾ ಕ್ರಿಸ್ಪಾ. ಎರಡರ ಎಲೆಗಳೂ ಹೃದಯಾಕಾರವಾಗಿಯೇ ಇರುವುದರಿಂದ ಎಲೆಯನ್ನು ನೋಡಿ ನಿರ್ಣಯಿಸಲಾಗದು, ಕಾಂಡವನ್ನು ನೋಡಬೇಕು. ಕ್ರಿಸ್ಪಾ ಬಳ್ಳಿಯ ಕಾಂಡದ ತುಂಬ ನರೂಲಿಯಂತಹ ಸಣ್ಣ ಸಣ್ಣ ಗಂಟುಗಳು ಎದ್ದಿರುತ್ತವೆ, ಕೊಯ್ದರೆ ಹಾಲಿನಂತಹ ರಸ ಒಸರುತ್ತದೆ. ನಿಜವಾದ ಅಮೃತಬಳ್ಳಿಯಲ್ಲಿ ಅಂತಹ ಗಂಟುಗಳೂ ಹಾಲೂ ಇರುವುದಿಲ್ಲ.

ಗಿಡ ಸರಿಯಾದುದೇ ಆಗಿದ್ದರೂ ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ಸೇವಿಸುವುದು ಸರಿಯಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಯಕೃತ್ತಿನ ತೊಂದರೆಯಿರುವವರು, ಮಧುಮೇಹಕ್ಕೆ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಕೇಳದೆ ಮುಟ್ಟಲೇಬಾರದು. ಯಾವುದೇ ಕಷಾಯವನ್ನು ಸೇವಿಸುತ್ತಿರುವಾಗ ಮೂತ್ರ ಕಡುಹಳದಿಯಾಗುವುದು, ಕಣ್ಣು ಹಳದಿಯಾಗುವುದು, ಹಸಿವು ಸಂಪೂರ್ಣ ಅಡಗುವುದು ಕಂಡುಬಂದರೆ ಆ ಕ್ಷಣವೇ ನಿಲ್ಲಿಸಿ ರಕ್ತಪರೀಕ್ಷೆ ಮಾಡಿಸಬೇಕು. ಇದನ್ನು ಹೇಳುವುದರಿಂದ ಆಯುರ್ವೇದದ ಗೌರವ ಕುಂದುವುದಿಲ್ಲ. ಮುಚ್ಚಿಟ್ಟರೆ ಮಾತ್ರ ಕುಂದುತ್ತದೆ.

ಕಣಗಿಲೆಯ ರೂಪವನ್ನೂ ಮಕ್ಕಳಿಗೆ ತೋರಿಸಿಕೊಡಬೇಕು. ಉದ್ದನೆಯ ಚೂಪಾದ ಎಲೆಗಳು ಒಂದೊಂದು ಗೆಣ್ಣಿನಲ್ಲಿ ಮೂರು ಮೂರರಂತೆ ಸುತ್ತುವರಿದಿರುತ್ತವೆ. ಹೂವು ಬಿಳಿ, ಗುಲಾಬಿ ಅಥವಾ ಕೆಂಪು. ಇದರದೇ ಕುಟುಂಬದ ಇನ್ನೊಂದು ಗಿಡ ಹಳದಿ ಕಣಗಿಲೆ. ಅಮೆರಿಕ ಖಂಡದ ಮೂಲದ ಈ ಗಿಡದ ಹೂವು ಗಂಟೆಯಂತೆ ಜೋಲುತ್ತದೆ, ಮುರಿದರೆ ಹಾಲು ಸುರಿಯುತ್ತದೆ, ಕಾಯಿ ಹಸಿರಾಗಿ ಕೋನಾಕಾರವಾಗಿರುತ್ತದೆ. ಮಕ್ಕಳು ಆಟವಾಡಲು ಆರಿಸಿಕೊಳ್ಳುವುದು ಈ ಕಾಯಿಯನ್ನೇ. ಅದರೊಳಗಿನ ಬೀಜ ಅತ್ಯಂತ ವಿಷಕಾರಿ. ಬೇಲಿಗೆ ಹಾಕುವ ಜಟ್ರೋಫಾದ ಬೀಜ, ಔಡಲದ ಬೀಜ, ಕೆಂಪು ಮೈಗೆ ಕಪ್ಪು ಚುಕ್ಕೆಯಿಟ್ಟ ಗುಲಗಂಜಿ, ಮುಳ್ಳುಕಾಯಿಯ ದತ್ತೂರಿ ಇವುಗಳನ್ನೂ ಶಾಲಾ ಮಕ್ಕಳಿಗೆ ತಪ್ಪದೆ ಪರಿಚಯಿಸಬೇಕು. ಜಟ್ರೋಫಾದ ಬೀಜವನ್ನು ಶೇಂಗಾದಂತೆ ತಿಂದು ಮಕ್ಕಳು ಗುಂಪುಗುಂಪಾಗಿ ಆಸ್ಪತ್ರೆ ಸೇರಿದ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತಲೇ ಇದ್ದೇವೆ.

ಯೋಗ: ವಿಷವು ಔಷಧವಾಗುವ ಬಗೆ

ಮೂರನೆಯ ಮೆಟ್ಟಿಲು ಯೋಗ. ಸುಶ್ರುತಸಂಹಿತೆಯ ಕಲ್ಪಸ್ಥಾನವು ಅಶ್ವಮಾರವನ್ನು ಬೇರಿನ ವಿಷಗಳಲ್ಲಿ ಎಣಿಸುತ್ತದೆ. ಭಾವಪ್ರಕಾಶವು ಉಪವಿಷಗಳೆಂದು ಏಳನ್ನು ಹೆಸರಿಸುತ್ತದೆ: ಎಕ್ಕೆಯ ಹಾಲು, ಕಳ್ಳಿಯ ಹಾಲು, ಲಾಂಗಲಿ, ಕರವೀರ, ಗುಲಗಂಜಿ, ಅಫೀಮು ಮತ್ತು ದತ್ತೂರಿ. ಇವುಗಳನ್ನು ಹಾಗೆಯೇ ಬಳಸುವ ವಿಧಾನ ಶಾಸ್ತ್ರದಲ್ಲಿಲ್ಲ, ಶೋಧನಸಂಸ್ಕಾರ ಕಡ್ಡಾಯ. ಕರವೀರವನ್ನು ಅರಿವೆಯಲ್ಲಿ ಕಟ್ಟಿ ದೋಲಾಯಂತ್ರದಲ್ಲಿ ಆಕಳ ಹಾಲಿನೊಡನೆ ಬೇಯಿಸಿ ಶುದ್ಧಿಗೊಳಿಸಿದ ಬಳಿಕವೇ ತಜ್ಞರು ಉಪಯೋಗಿಸುತ್ತಾರೆ. ಅದು ಔಷಧಶಾಲೆಯ ಕೆಲಸ, ಅಡುಗೆಮನೆಯ ಕೆಲಸವಲ್ಲ. ನಮ್ಮ ದೇಶದ ಔಷಧ ನಿಯಮಾವಳಿಯೂ ಕರವೀರ, ದತ್ತೂರಿ, ಗುಂಜಾ, ವತ್ಸನಾಭ ಮೊದಲಾದವುಗಳನ್ನು ವಿಷದ್ರವ್ಯಗಳ ಪ್ರತ್ಯೇಕ ಪಟ್ಟಿಯಲ್ಲಿರಿಸಿದೆ. ಅವುಗಳಿಂದ ತಯಾರಾದ ಸೇವನೆಯ ಔಷಧದ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಬೇಕೆಂಬ ಎಚ್ಚರಿಕೆ ಇರಲೇಬೇಕು.

ಕಣಗಿಲೆಯ ವಿಷವು ದೇಹದಲ್ಲಿ ಮಾಡುವ ಕೆಲಸವನ್ನು ಸರಳವಾಗಿ ಹೀಗೆ ವಿವರಿಸಬಹುದು. ಹೃದಯದ ಸ್ನಾಯುಕೋಶಗಳು ಸೋಡಿಯಂ ಲವಣವನ್ನು ಹೊರಗೂ ಪೊಟ್ಯಾಸಿಯಂ ಲವಣವನ್ನು ಒಳಗೂ ಸಾಗಿಸುತ್ತ ಸಮತೋಲವನ್ನು ಕಾಯುತ್ತವೆ. ಒಲಿಯಾಂಡ್ರಿನ್ ಮೊದಲಾದ ಸತ್ತ್ವಗಳು ಈ ಸಾಗಣೆಯನ್ನು ತಡೆಯುತ್ತವೆ. ಆಗ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ನಾಡಿ ನಿಧಾನವಾಗುತ್ತದೆ, ಲಯ ತಪ್ಪುತ್ತದೆ. ಮೊದಲಿಗೆ ಓಕರಿಕೆ, ವಾಂತಿ, ಹೊಟ್ಟೆನೋವು ಕಾಣಿಸಿಕೊಂಡು ಅಜೀರ್ಣವೆಂಬ ಭ್ರಮೆ ಹುಟ್ಟಿಸುತ್ತದೆ. ಅನಂತರ ತಲೆಸುತ್ತು, ಬವಳಿಕೆ, ಹೃದಯಸ್ತಂಭನದವರೆಗೆ ಹೋಗಬಹುದು. ಎಲೆ ಒಣಗಿದರೂ ವಿಷ ಹೋಗುವುದಿಲ್ಲ. ಟೊಂಗೆಗಳನ್ನು ಸುಟ್ಟ ಹೊಗೆ, ಹೂವಿಟ್ಟ ನೀರು ಸಹ ಸುರಕ್ಷಿತವಲ್ಲ.

ಅಕಸ್ಮಾತ್ತಾಗಿ ಯಾರಾದರೂ ತಿಂದುಬಿಟ್ಟರೆ ಮಾಡಬೇಕಾದುದು ಇಷ್ಟು: ಬಾಯಲ್ಲಿ ಉಳಿದುದನ್ನು ತೆಗೆದು ಬಾಯಿ ತೊಳೆಸಿ, ಕೂಡಲೇ 108ಕ್ಕೆ ಕರೆಮಾಡಿ, ಹೃದಯದ ವಿದ್ಯುತ್‌ಲೇಖ ತೆಗೆಯುವ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಬೇಕು. ತಿಂದ ಗಿಡದ ಒಂದು ಟೊಂಗೆಯನ್ನು ಚೀಲದಲ್ಲಿ ಜೊತೆಗೆ ಒಯ್ಯಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಹಾಲು, ಮಜ್ಜಿಗೆ, ತುಪ್ಪ ಕುಡಿಸುತ್ತ ಕಾಲ ಕಳೆಯುವುದು ಬೇಡ. ಈ ವಿಷಕ್ಕೆ ಮನೆಮದ್ದಿಲ್ಲ. ಆಯುರ್ವೇದ ವೈದ್ಯರಾದ ನಾವೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇವೆ. ನೆರೆಯ ಶ್ರೀಲಂಕಾದಲ್ಲಿ ಹಳದಿ ಕಣಗಿಲೆಯ ವಿಷಬಾಧೆ ಬಹಳವಾಗಿರುವುದರಿಂದ ಅಲ್ಲಿನ ವೈದ್ಯರು ಇದರ ಚಿಕಿತ್ಸೆಯನ್ನು ಆಳವಾಗಿ ಅಧ್ಯಯನ ಮಾಡಿದ್ದಾರೆ. ಸಕಾಲಕ್ಕೆ ಆಸ್ಪತ್ರೆ ಸೇರಿ ಹೃದಯದ ಲಯವನ್ನು ನಿಗಾದಲ್ಲಿಟ್ಟರೆ ಹೆಚ್ಚಿನವರು ಬದುಕುತ್ತಾರೆ.

ಪೂಜೆಯ ವಿಷಯದಲ್ಲಿಯೂ ಒಂದು ವಿನಂತಿ. ಕಣಗಿಲೆಯ ಹೂವನ್ನು ಏರಿಸುವುದಕ್ಕೆ ಅಡ್ಡಿಯಿಲ್ಲ. ಆದರೆ ಅದು ಪಾದೋದಕದ ಬಟ್ಟಲಿನಲ್ಲಾಗಲಿ, ತೀರ್ಥದ ತಂಬಿಗೆಯಲ್ಲಾಗಲಿ, ಪ್ರಸಾದದ ತಟ್ಟೆಯಲ್ಲಾಗಲಿ ಬೀಳದಂತೆ ನೋಡಿಕೊಳ್ಳಬೇಕು. ಹೂ ಬಿಡಿಸಿದ ಕೈಯನ್ನು ಸಾಬೂನಿನಿಂದ ತೊಳೆದು ಮುಂದಿನ ಕೆಲಸ ಮಾಡಬೇಕು. ಬಾಡಿದ ನಿರ್ಮಾಲ್ಯವನ್ನು ದನಕರುಗಳ ಬಾಯಿಗೆ ಸಿಗುವ ತಿಪ್ಪೆಗೆ ಎಸೆಯದೆ ಹುಗಿಯಬೇಕು. ಬೇಲಿ ಸವರಿದಾಗ ಬಿದ್ದ ಕಣಗಿಲೆಯ ಎಲೆ ಕಣಕಿಯಲ್ಲೋ ಕಬ್ಬಿನ ಸೋಗೆಯಲ್ಲೋ ಬೆರೆತರೆ ದನಗಳಿಗೆ ಅದು ತಿಳಿಯುವುದಿಲ್ಲ. ಹಸಿಗಿಡವನ್ನು ಮೂಸಿ ಬಿಡುವ ಆಕಳು ಒಣಗಿ ಮೇವಿನಲ್ಲಿ ಬೆರೆತ ಎಲೆಯನ್ನು ತಿಂದುಬಿಡುತ್ತದೆ.

ತೋಟದ ಅತಿಥಿಗಳು

ಇಷ್ಟೊಂದು ವಿಷವಿದ್ದರೆ ಕಣಗಿಲೆಯನ್ನು ಕಿತ್ತೆಸೆಯುವುದೇ ಒಳ್ಳೆಯದಲ್ಲವೇ ಎಂಬ ಪ್ರಶ್ನೆ ಏಳಬಹುದು. ಹಾಗೇನಿಲ್ಲ. ಕಾಮನ್ ಕ್ರೋ ಎಂದು ಹೆಸರಾದ ಕಂದುಗಪ್ಪು ಚಿಟ್ಟೆ ಈ ಗಿಡದ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಅದರ ಮರಿಹುಳು ವಿಷದ ಎಲೆಯನ್ನೇ ಮೆಯ್ದು ಬೆಳೆಯುತ್ತದೆ. ಎಲೆಯಡಿಯಲ್ಲಿ ತೂಗುವ ಅದರ ಕೋಶವು ಬೆಳ್ಳಿಯ ಲೇಪ ಕೊಟ್ಟಂತೆ ಹೊಳೆಯುತ್ತದೆ. ಎಕ್ಕೆಯ ಗಿಡ ಪ್ಲೇನ್ ಟೈಗರ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆಗೆ ತವರು. ಬಿಲ್ವ, ಕರಿಬೇವು, ನಿಂಬೆಗಳ ಮೇಲೆ ನಿಂಬೆ ಚಿಟ್ಟೆಯ ಮರಿಗಳು ಬೆಳೆಯುತ್ತವೆ. ಈಶ್ವರಬಳ್ಳಿಯು ಕ್ರಿಮ್ಸನ್ ರೋಸ್ ಚಿಟ್ಟೆಯ ಆಸರೆ. ಇದೇ ಈಶ್ವರಬಳ್ಳಿಯ ಬೇರನ್ನು ಹಾವಿನ ವಿಷಕ್ಕೆಂದು ಅರೆದು ಕುಡಿಸುವ ರೂಢಿ ಹಳ್ಳಿಗಳಲ್ಲಿ ಇತ್ತು. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ಮೂತ್ರಪಿಂಡಗಳನ್ನು ಕೆಡಿಸುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ ಎಂಬುದು ಈಗ ಸ್ಥಿರಪಟ್ಟಿದೆ. ಆದುದರಿಂದ ಈ ಬಳ್ಳಿಯನ್ನು ಚಿಟ್ಟೆಗಾಗಿ ಬೆಳೆಸಿರಿ, ಕಷಾಯಕ್ಕಾಗಿ ಬೇಡ. ಮನುಷ್ಯನಿಗೆ ವಿಷವಾದುದು ಇನ್ನೊಂದು ಜೀವಕ್ಕೆ ಅನ್ನವಾಗಿರುತ್ತದೆ ಎಂಬ ತಿಳಿವಳಿಕೆ ತೋಟವು ನೀಡುವ ದೊಡ್ಡ ಪಾಠ.

ಗೋಕಾಕ ತಾಲೂಕಿನ ಧೂಪದಾಳದ ಬಳಿ ಘಟಪ್ರಭಾ ಪಕ್ಷಿಧಾಮವಿದೆ. ನವೆಂಬರಿನಿಂದ ಮಾರ್ಚ್‌ವರೆಗೆ ದೂರದೇಶಗಳ ಕೊಕ್ಕರೆಗಳೂ ಕ್ರೌಂಚಗಳೂ ಅಲ್ಲಿಗೆ ಬರುತ್ತವೆ. ತೋಟದ ಗುಂಪಿನವರು ಮಕ್ಕಳೊಡನೆ ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿಬರಬಹುದು. ಮನೆಯಂಗಳದಲ್ಲಿಯೇ ದಾಸವಾಳವಿದ್ದರೆ ಸೂರಕ್ಕಿ, ತುಂಬೆಯಿದ್ದರೆ ಜೇನು ಬರುತ್ತವೆ. ಹೂ ಬಿಟ್ಟ ಹೊತ್ತಿನಲ್ಲಿ ಕೀಟನಾಶಕ ಸಿಂಪಡಿಸದಿದ್ದರೆ ಸಾಕು.

ಹಾವಿನ ಮಾತನ್ನೂ ಬಿಡುವಂತಿಲ್ಲ. ಇಲಿ ಕಪ್ಪೆಗಳಿದ್ದಲ್ಲಿ ಹಾವು ಬರುತ್ತದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕೂ ನಮ್ಮ ಸೀಮೆಯಲ್ಲಿವೆ. ಕರ್ನಾಟಕ ಸರಕಾರವು 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಕಚ್ಚಿದ ಭಾಗವನ್ನು ಬಿಗಿದು ಕಟ್ಟುವುದು, ಕೊಯ್ಯುವುದು, ಬಾಯಿಯಿಂದ ಹೀರುವುದು, ಬೇರು ಅರೆದು ಕುಡಿಸುವುದು ಎಲ್ಲವೂ ನಿಷಿದ್ಧ. ಕಚ್ಚಿಸಿಕೊಂಡವರನ್ನು ನಡೆಸದೆ, ಅಂಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸಬೇಕು. ಈ ನಾಲ್ಕೂ ವಿಷಗಳಿಗೆ ಅನ್ವಯಿಸುವ ಪ್ರತಿವಿಷ ಅಲ್ಲಿ ದೊರೆಯುತ್ತದೆ.

ತೋಟದ ವಿನ್ಯಾಸ

ವಿನ್ಯಾಸವೆಂದರೆ ಅಲಂಕಾರವಷ್ಟೇ ಎಂದು ತಿಳಿಯಬಾರದು. ಯಾವ ಗಿಡ ಎಲ್ಲಿರಬೇಕೆಂಬ ವಿವೇಚನೆಯೇ ಅರ್ಧ ಸುರಕ್ಷತೆ. ಊರ ತೋಟವನ್ನು ಮೂರು ಪಟ್ಟಿಗಳಾಗಿ ವಿಂಗಡಿಸಿ ಫಲಕಗಳಿಗೆ ಮೂರು ಬಣ್ಣ ಹಚ್ಚಬಹುದು. ಹಸಿರು ಫಲಕದ ಪಟ್ಟಿ ಬಾಗಿಲಿನ ಹತ್ತಿರವಿರಲಿ. ತುಳಸಿ, ದೊಡ್ಡಪತ್ರೆ, ಶುಂಠಿ, ಅರಿಸಿನ, ಕೊತ್ತಂಬರಿ, ಪುದೀನ, ಮಜ್ಜಿಗೆಹುಲ್ಲು, ಒಂದೆಲಗ, ನುಗ್ಗೆ, ಕರಿಬೇವು ಇವು ನಿತ್ಯದ ಅಡುಗೆಯಲ್ಲಿಯೇ ಬಳಕೆಯಾಗುವಂಥವು. ಒಂದೆಲಗವನ್ನು ಬಳಸಿದ ನೀರು ಹರಿಯುವ ತಂಪಿನ ಜಾಗದಲ್ಲಿ ನೆಡಬಹುದಾದರೂ ತಿನ್ನುವ ಎಲೆಗೆ ಸಾಬೂನಿನ ನೀರು ತಾಕಬಾರದು. ಹಳದಿ ಫಲಕದ ಪಟ್ಟಿಯಲ್ಲಿ ವೈದ್ಯರನ್ನು ಕೇಳಿ ಬಳಸಬೇಕಾದವುಗಳಿರಲಿ: ಅಮೃತಬಳ್ಳಿ, ಆಡುಸೋಗೆ, ಲೋಳೆಸರ, ನೆಲನೆಲ್ಲಿ, ಅಶ್ವಗಂಧ. ಆಡು ಮುಟ್ಟದ ಆಡುಸೋಗೆ ಒಳ್ಳೆಯ ಬೇಲಿಯೂ ಆಗುತ್ತದೆ. ಕೆಂಪು ಫಲಕದ ಪಟ್ಟಿ ಆಟದ ಬಯಲಿನಿಂದಲೂ ದನದ ಕೊಟ್ಟಿಗೆಯಿಂದಲೂ ದೂರ, ಬೇಲಿಯೊಳಗೆ ಇರಲಿ. ಕಣಗಿಲೆ, ಎಕ್ಕೆ, ದತ್ತೂರಿ, ಈಶ್ವರಬಳ್ಳಿ ಅಲ್ಲಿರಲಿ. ಅವುಗಳನ್ನು ಕಣ್ಣಿನಿಂದ ನೋಡಿ ಕಲಿಯುವುದಷ್ಟೇ, ಕೈಯಿಂದ ಮುಟ್ಟುವುದಿಲ್ಲ.

ಪಶ್ಚಿಮದ ಅಂಚಿನಲ್ಲಿ ಬೇವು, ನೆಲ್ಲಿ, ಬಿಲ್ವಗಳನ್ನು ನೆಟ್ಟರೆ ಸಂಜೆಯ ಬಿಸಿಲು ತಡೆದು ಕಟ್ಟೆಗೆ ನೆರಳು ದೊರೆಯುತ್ತದೆ. ವೃದ್ಧರು ಕೋಲೂರಿ ನಡೆಯುವಷ್ಟು, ಎರಡು ಜನ ಜೊತೆಯಾಗಿ ಹೋಗುವಷ್ಟು ಅಗಲದ ಸಮತಟ್ಟಾದ ದಾರಿ ಬೇಕು. ಕಟ್ಟಿಗೆಯ ರಾಶಿ, ಕಲ್ಲಿನ ರಾಶಿ ಮನೆಯ ಗೋಡೆಗೆ ಹತ್ತಿರವಿರಬಾರದು, ಅವೇ ಹಾವಿನ ಮನೆಗಳು. ಕುಂಡಗಳ ಕೆಳಗಿನ ತಟ್ಟೆ, ಒಡೆದ ಬಕೀಟು, ಹಳೆಯ ಟೈರುಗಳಲ್ಲಿ ನೀರು ನಿಂತರೆ ಡೆಂಗ್ಯೂ ಹರಡುವ ಸೊಳ್ಳೆ ಹುಟ್ಟುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕಾಗುವುದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿ ಒಳಭಾಗವನ್ನು ತಿಕ್ಕಿ ತೊಳೆಯಬೇಕು. ಕಾಂಗ್ರೆಸ್ ಕಸವೆಂದು ನಾವು ಕರೆಯುವ ಪಾರ್ಥೇನಿಯಂ ಚರ್ಮದ ಉರಿ, ಕೆರೆತ, ದಮ್ಮುಗಳನ್ನು ತರುತ್ತದೆ. ಗಜ್ಜರಿಯ ಎಲೆಯನ್ನು ಹೋಲುವುದರಿಂದ ಮರಾಠಿಯಲ್ಲಿ ಇದನ್ನು ಗಾಜರ ಗವತ ಎನ್ನುತ್ತಾರೆ. ಹೂ ಬಿಡುವ ಮೊದಲೇ, ಕೈಗೆ ಚೀಲ ಹಾಕಿಕೊಂಡು, ಮಳೆಯಾದ ಮರುದಿನ ಬೇರುಸಹಿತ ಕೀಳುವುದು ಸುಲಭ.

ಮಾತುಕತೆಯ ಕ್ರಮ

ಇಂತಹ ಕೂಟಕ್ಕೆ ದೊಡ್ಡ ವೆಚ್ಚವಿಲ್ಲ. ತಿಂಗಳಲ್ಲಿ ಒಂದು ದಿನ ಗೊತ್ತುಮಾಡಿಕೊಂಡು, ಒಂದು ಸಲಕ್ಕೆ ಮೂರೇ ಗಿಡಗಳನ್ನು ಆರಿಸಿಕೊಳ್ಳಿರಿ. ಜೀವಂತ ಗಿಡದ ಮುಂದೆಯೇ ಕುಳಿತು ಮಾತನಾಡಿರಿ, ಚಿತ್ರ ಸಾಲದು. ಮೊದಲು ಹಿರಿಯರು ತಮ್ಮ ಕಾಲದ ಹೆಸರನ್ನೂ ಬಳಕೆಯನ್ನೂ ಹೇಳಲಿ. ಮಕ್ಕಳು ಎಲೆ, ಕಾಂಡ, ಹೂವು, ಕಾಯಿಗಳ ಲಕ್ಷಣಗಳನ್ನು ಬರೆದುಕೊಳ್ಳಲಿ. ಕಣ್ಣು ಮೊದಲು, ಮೂಗು ಆಮೇಲೆ. ಗುರುತು ಖಚಿತವಾಗದ ಗಿಡವನ್ನು ನಾಲಗೆಗೆ ತಾಕಿಸುವುದು ಎಂದಿಗೂ ಬೇಡ. ಕೊನೆಗೆ ಯೋಗದ ಮಾತನ್ನು ಬಲ್ಲ ವೈದ್ಯರು ಹೇಳಲಿ. ಅರಭಾವಿಯ ಮಹಾವಿದ್ಯಾಲಯದ ಅಧ್ಯಾಪಕರನ್ನೂ ಹತ್ತಿರದ ಆಯುರ್ವೇದ ಮಹಾವಿದ್ಯಾಲಯದವರನ್ನೂ ಆಗಾಗ ಆಮಂತ್ರಿಸಬಹುದು. ಸಾಂಪ್ರದಾಯಿಕ ಔಷಧಗಳ ಅಧ್ಯಯನಕ್ಕಾಗಿಯೇ ಇರುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಸಂಸ್ಥೆಯೊಂದು ನಮ್ಮ ಬೆಳಗಾವಿಯಲ್ಲಿಯೇ ಇದೆ.

ವಿಷಯಗಳನ್ನು ಋತುಮಾನಕ್ಕೆ ಹೊಂದಿಸಿಕೊಳ್ಳುವುದು ಸುಲಭ. ಕಾರಹುಣ್ಣಿಮೆಯ ಹೊತ್ತಿಗೆ ಸಸಿ ನೆಡುವುದು ಮತ್ತು ಹಾವಿನ ಎಚ್ಚರ, ಶ್ರಾವಣದಲ್ಲಿ ಹೂಪತ್ರೆಗಳ ಗುರುತು, ಶೀಗಿಹುಣ್ಣಿಮೆಗೆ ಚಿಟ್ಟೆಗಳು ಮತ್ತು ಬೆಳೆಯ ಮಿತ್ರಕೀಟಗಳು, ಎಳ್ಳಮಾವಾಸ್ಯೆಗೆ ವಲಸೆ ಹಕ್ಕಿಗಳು, ಶಿವರಾತ್ರಿಗೆ ಮುನ್ನ ಕಣಗಿಲೆ, ದತ್ತೂರಿ, ಎಕ್ಕೆಗಳ ಪಾಠ, ಯುಗಾದಿಗೆ ಬೇವು. ಹೀಗೆ ಒಂದು ವರ್ಷ ನಡೆದರೆ ಮೂವತ್ತಾರು ಗಿಡಗಳನ್ನು ಊರಿನ ಪ್ರತಿಯೊಂದು ಮಗುವೂ ಹೆಸರಿಟ್ಟು ಕರೆಯಬಲ್ಲದು. ಅಷ್ಟು ಗಿಡಗಳನ್ನು ಖಚಿತವಾಗಿ ಬಲ್ಲ ಊರಿನಲ್ಲಿ ವಿಷಬಾಧೆಯ ಅವಘಡಗಳು ಕಡಿಮೆಯಾಗುತ್ತವೆ, ಸಣ್ಣಪುಟ್ಟ ನೆಗಡಿ ಕೆಮ್ಮುಗಳಿಗೆ ಮನೆಯಲ್ಲಿಯೇ ಉಪಶಮನ ದೊರೆಯುತ್ತದೆ, ಯಾವಾಗ ವೈದ್ಯರ ಬಳಿಗೆ ಓಡಬೇಕೆಂಬ ವಿವೇಕವೂ ಬೆಳೆಯುತ್ತದೆ.

ಬರುವ ಮಳೆಗಾಲಕ್ಕೆ ಮುನ್ನ ಪ್ರತಿಯೊಂದು ಓಣಿಯವರೂ ತಮ್ಮ ಶಾಲೆ, ಅಂಗನವಾಡಿ, ಗುಡಿಗಳ ಸುತ್ತಲಿನ ಗಿಡಗಳನ್ನು ಒಮ್ಮೆ ನಡೆದು ನೋಡಿರಿ. ಹಳದಿ ಕಣಗಿಲೆ, ಜಟ್ರೋಫಾಗಳು ಮಕ್ಕಳ ಕೈಗೆ ಎಟುಕುವಲ್ಲಿ ಇದ್ದರೆ ಬೇಲಿ ಹಾಕಿರಿ ಅಥವಾ ಬೇರೆಡೆಗೆ ಸಾಗಿಸಿರಿ, ಉಳಿದವುಗಳಿಗೆ ಹೆಸರಿನ ಫಲಕ ನಿಲ್ಲಿಸಿರಿ. ಹೊಸ ಸಸಿ ನೆಡುವ ಕೆಲಸ ಅದಾದ ಮೇಲೆ ಆರಂಭವಾಗಲಿ.